ಕೈ ಎತ್ತಲು ಕಲಿಯದವಳು

ಹತ್ತನೇ ತರಗತಿಯವರೆಗೆ ನಾನು ಓದಿದ್ದೇ ಇಲ್ಲ ಎಂದರೆ ಜನ ಜಂಬ ಎಂದುಕೊಳ್ಳುತ್ತಾರೆ. ಜಂಬವಲ್ಲ, ನಡೆದದ್ದೇ ಹಾಗೆ. ತರಗತಿಯಲ್ಲಿ ಕಿವಿಗೊಟ್ಟು ಕೇಳಿದರೆ ಸಾಕಾಗುತ್ತಿತ್ತು. ಪರೀಕ್ಷೆಯ ಹಿಂದಿನ ಸಂಜೆ ಪುಸ್ತಕ ತಿರುವಿಹಾಕಿದರೆ, ಪುಟದ ಯಾವ ಮೂಲೆಯಲ್ಲಿ ಯಾವ ಚಿತ್ರವಿತ್ತು ಎನ್ನುವುದು ಸಮೇತ ನೆನಪಿರುತ್ತಿತ್ತು. ಕಗ್ಗದಾಸಪುರದ ನಮ್ಮ ಸಣ್ಣ ಶಾಲೆಯಲ್ಲಿ ಮೊದಲ ಸ್ಥಾನಕ್ಕೆ ನನ್ನ ಜೊತೆ ಪೈಪೋಟಿಗೆ ಯಾರೂ ಇರಲಿಲ್ಲ. ಅಪ್ಪ ಗದಗಿನ ಕಡೆಯವನು, ಮಹದೇವಪುರದ ಒಂದು ಕಂಪನಿಯ ಆಫೀಸಿನಲ್ಲಿ ಕೆಲಸ. ಊರಿನಿಂದ ಯಾರೇ ಬರಲಿ, ಚಹಾದ ಕಪ್ಪು ಕೈಗಿಡುವ ಮೊದಲೇ ಅವ್ವ ಶುರು ಮಾಡುತ್ತಿದ್ದಳು: "ನಮ್ಮಾಕಿ ಪುಸ್ತಕಾನ ಹಿಡಿಯಂಗಿಲ್ರಿ. ಆದ್ರೂ ಫಸ್ಟು."

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಶಾಲೆಯವರು ಗೇಟಿನ ಮೇಲೆ ನನ್ನ ಫೋಟೋದ ಫ್ಲೆಕ್ಸ್ ಕಟ್ಟಿದರು. ನಾನು ಇಂದಿರಾನಗರದ ಕಾಲೇಜಿನಲ್ಲಿ ಪಿಯುಸಿ ಸೈನ್ಸ್ ಸೇರಿದೆ.

ಮೊದಲ ತಿಂಗಳಲ್ಲೇ ಏನೋ ತಪ್ಪಿದೆ ಅನ್ನಿಸಿತು. ಫಿಸಿಕ್ಸ್ ಲೆಕ್ಚರರ್ ಬೋರ್ಡಿನ ಮೇಲೆ ಒಂದು ಇಳಿಜಾರು ಬರೆದು, ಅದರ ಮೇಲೊಂದು ಕಲ್ಲಿಟ್ಟು, ಅದನ್ನು ಎಳೆಯುವ ಬಲಗಳಿಗೆಲ್ಲ ಬಾಣದ ಗುರುತು ಹಾಕಿ, ಬಾಣಗಳನ್ನು ಎರಡೆರಡಾಗಿ ಒಡೆದರು. ಅವರು ಮಾಡುವಾಗ ಎಲ್ಲವೂ ಸರಿಯಾಗಿತ್ತು. ಮನೆಗೆ ಬಂದು ನಾನು ಮಾಡಲು ಕೂತರೆ ಬಾಣ ಎತ್ತ ಹೋಗಬೇಕು ಎನ್ನುವುದೇ ತಿಳಿಯುತ್ತಿರಲಿಲ್ಲ. ಪುಟದ ಚಿತ್ರ ಕಣ್ಣ ಮುಂದೆ ಹಾಗೇ ಇತ್ತು, ಬೇಕಾದರೆ ಪುಸ್ತಕ ಮುಚ್ಚಿಟ್ಟು ಬರೆದುಬಿಡುತ್ತಿದ್ದೆ. ಆದರೆ ಪ್ರಶ್ನೆಯಲ್ಲಿ ಕಲ್ಲಿನ ಬದಲು ಗಾಡಿ ಬಂದರೆ ಮುಗಿಯಿತು.

"ಅರ್ಥ ಆಯ್ತಾ?" ಎಂದು ಲೆಕ್ಚರರ್ ಪ್ರತಿ ದಿನ ಕೇಳುತ್ತಿದ್ದರು. ತರಗತಿ ಒಟ್ಟಾಗಿ "ಆಯ್ತು ಸರ್" ಎನ್ನುತ್ತಿತ್ತು. ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು ಮಾತ್ರ ಕೈ ಎತ್ತುತ್ತಿದ್ದಳು. ಶಿವಾಜಿನಗರದ ಹುಡುಗಿ, ಅವಳ ತಂದೆಗೆ ಅಲ್ಲಿ ಲೇಸು, ಗುಂಡಿ ಮಾರುವ ಅಂಗಡಿಯಿತ್ತು. "ಸರ್, ಆಗಿಲ್ಲ. ಇನ್ನೊಂದ್ಸಲ ಹೇಳಿ." ಎರಡನೇ ಸಲ ಹೇಳಿದ ಮೇಲೂ, "ಸರ್, ಆ ಕೊನೇದು ಇನ್ನೂ ಆಗಿಲ್ಲ." ಹಿಂದಿನ ಬೆಂಚಿನವರು ನಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಅವಳು ಕೇಳಿದ್ದು ನನಗೂ ಬೇಕಾಗಿದ್ದೇ. ಆದರೆ ಅವಳ ಹಾಗೆ ಕೈ ಎತ್ತಲು ನನ್ನಿಂದ ಆಗುತ್ತಿರಲಿಲ್ಲ. ಶಾಲೆಯಲ್ಲಿ ನಾನು ಉತ್ತರ ಹೇಳಲು ಮಾತ್ರ ಕೈ ಎತ್ತಿದವಳು.

ಫಿಸಿಕ್ಸಿನ ಮೊದಲ ಕಿರುಪರೀಕ್ಷೆಗೆ ನಿಜವಾಗಿ ಓದಿದೆ, ಜೀವನದಲ್ಲೇ ಮೊದಲ ಬಾರಿಗೆ. ಫೋನು ಅವ್ವನ ಕೈಗೆ ಕೊಟ್ಟು, ಬಾಗಿಲು ಹಾಕಿಕೊಂಡು, ಲೆಕ್ಕಗಳನ್ನೆಲ್ಲ ಬಾಯಿಪಾಠ ಮಾಡಿದೆ. ಮೂವತ್ತೈದಕ್ಕೆ ಎಂಟು ಬಂತು. ಪಕ್ಕದವಳಿಗೆ ಹದಿನೇಳು. ಅವಳು ಪೇಪರು ನೋಡಿ, "ಅಬ್ಬಾ, ಪಾಸು!" ಎಂದು ಎದೆ ಮುಟ್ಟಿಕೊಂಡಳು. ನಾನು ನನ್ನದನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿನ ತಳಕ್ಕೆ ತುರುಕಿದೆ.

ಅಪ್ಪ ಬೈಯಲಿಲ್ಲ. ಪೇಪರು ಹಿಂದೆ ಮುಂದೆ ತಿರುಗಿಸಿ, "ಯಾಕವಾ, ಅಭ್ಯಾಸ ಮಾಡಿರಲಿಲ್ಲೇನು?" ಎಂದ.

"ಮಾಡಿದ್ನೆಪಾ! ಮಾಡಿದ್ರೂ ಹಿಂಗಾಗೇತಿ!" ಎಂದು ಕಿರುಚಿದೆ.

ಬೈದಿದ್ದರೆ ಒಳ್ಳೆಯದಿತ್ತು. ಓದದೆ ಫೇಲಾಗಿದ್ದರೆ ಅದಕ್ಕೊಂದು ದಾರಿಯಿತ್ತು, ನಾಳೆಯಿಂದ ಓದುತ್ತೇನೆ ಎನ್ನಬಹುದಿತ್ತು. ಓದಿ ಫೇಲಾದವಳು ಏನು ಹೇಳಬೇಕು? ಅವ್ವ ಒಳಗಿನಿಂದ ಉಪ್ಪು, ಮೆಣಸಿನಕಾಯಿ ತಂದು ನನ್ನ ಮುಖದ ಮುಂದೆ ನಿವಾಳಿಸಿ ಒಲೆಯ ಉರಿಗೆ ಹಾಕಿದಳು. "ಆ ಫ್ಲೆಕ್ಸ್ ಹಾಕಿದ್ರಲ್ಲ, ಮಂದಿ ಕಣ್ಣು ಬಿದ್ದೇತಿ," ಎಂದಳು. ಮೆಣಸಿನ ಘಾಟಿಗೆ ಮನೆಯವರೆಲ್ಲ ಕೆಮ್ಮಿದೆವು.

ಅದೇ ವಾರ ಹಳೆಯ ಶಾಲೆಯ ಹೆಡ್‌ಮಿಸ್ ಫೋನು ಮಾಡಿದರು. "ಶನಿವಾರ ಬಂದು ನಮ್ಮ ಹತ್ತನೇ ಕ್ಲಾಸಿನವ್ರಿಗೆ ನಾಲ್ಕು ಮಾತು ಹೇಳಮ್ಮ. ಹೆಂಗೆ ಓದ್ದೆ ಅಂತ." ಫೋನು ನನ್ನ ಕೈಗೆ ಕೊಡುವ ಮೊದಲೇ ಅವ್ವ ನನ್ನನ್ನು ಕೇಳದೆ ಒಪ್ಪಿಬಿಟ್ಟಿದ್ದಳು.

ಹೋದೆ. ವೇಳಾಪಟ್ಟಿ ಹಾಕಿಕೊಳ್ಳಿ, ಬೆಳಿಗ್ಗೆ ಬೇಗ ಏಳಿ ಎಂದು ನಾನು ಎಂದೂ ಮಾಡದ್ದನ್ನೆಲ್ಲ ಹೇಳಿದೆ. ಚಪ್ಪಾಳೆ ಬಿತ್ತು. ಆಮೇಲೆ ಕಿಟಕಿಯ ಪಕ್ಕದ ಒಬ್ಬ ಹುಡುಗಿ ಎದ್ದು ನಿಂತು, "ಅಕ್ಕಾ, ಎಷ್ಟ್ ಓದಿದ್ರೂ ಅರ್ಥ ಆಗ್ಲಿಲ್ಲ ಅಂದ್ರೆ ನೀವೇನ್ ಮಾಡ್ತಿದ್ರಿ?" ಎಂದಳು.

ಶಾಲೆಯಲ್ಲಿ ನನಗೆ ಅಂಥದ್ದು ಆಗಿರಲಿಲ್ಲ. ಈಗ ದಿನವೂ ಆಗುತ್ತಿತ್ತು. "ಟೀಚರ್ನ ಕೇಳ್ಬೇಕು," ಎಂದೆ. ಹೇಳುತ್ತಲೇ ಕಿವಿ ಬಿಸಿಯಾಯಿತು. ಅಲ್ಲಿಂದ ಹೊರಟು ರೈಲ್ವೇ ಗೇಟಿಗೆ ಬಂದರೆ ಗೇಟು ಹಾಕಿತ್ತು. ಬೈಕು, ಆಟೋ, ಕ್ಯಾಬುಗಳೆಲ್ಲ ಒಂದರ ಮೈಮೇಲೊಂದು ನಿಂತು ಹಾರ್ನು ಒತ್ತುತ್ತಿದ್ದವು. ಆ ಗದ್ದಲದಲ್ಲಿ ಯಾರಿಗೂ ಕೇಳಿಸುವುದಿಲ್ಲ ಎನ್ನುವ ಧೈರ್ಯದಲ್ಲಿ ಆ ಇಳಿಜಾರನ್ನೂ ಅದರ ಮೇಲಿನ ಕಲ್ಲನ್ನೂ ಬಾಯಿತುಂಬ ಬೈದೆ.

ಸೋಮವಾರ ಕೈ ಎತ್ತಿದೆ. ನಾನು ಬೋರ್ಡಿಗೆ ಬಂದು ಉತ್ತರ ಬರೆಯಲೆಂದು ಲೆಕ್ಚರರ್ ಚಾಕ್ ಚಾಚಿದರು. "ಅಲ್ಲ ಸರ್. ನಂಗೆ ಅರ್ಥ ಆಗಿಲ್ಲ."

"ಯಾವುದು?"

"ಮೊದ್ಲಿಂದ, ಸರ್."

ತರಗತಿ ಗೊಳ್ಳೆಂದಿತು. ಅವರು ಮತ್ತೆ ವಿವರಿಸಿದರು, ಪಾಪ, ತಾಳ್ಮೆಯಿಂದಲೇ. ಆದರೂ ನನಗೆ ಅರ್ಥವಾಗಲಿಲ್ಲ. ಕೇಳಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದೆನಲ್ಲ, ಅದಕ್ಕೇ ಹೆಚ್ಚು ಸಿಟ್ಟು ಬಂತು.

ಸಂಜೆ ಪಕ್ಕದವಳು ನನ್ನನ್ನು ಬಸ್ಸು ಹತ್ತಿಸಿಕೊಂಡು, ಹಲಸೂರಿನ ಮಾರ್ಗವಾಗಿ ಶಿವಾಜಿನಗರಕ್ಕೆ ಕರೆದೊಯ್ದಳು. ಅವರ ಅಂಗಡಿಯ ಮೇಲೆ ಲೇಸಿನ ಸುರುಳಿಗಳನ್ನು ಪೇರಿಸಿಟ್ಟ ಒಂದು ಕೋಣೆ. ನೆಲದ ಮೇಲೆ ಕೂತು ಒಂದೇ ಒಂದು ಲೆಕ್ಕ ಹಿಡಿದೆವು. ಕೋನವನ್ನು ಮೇಲಿನಿಂದ ಅಳೆಯಬೇಕೋ ಕೆಳಗಿನಿಂದಲೋ ಎಂದು ಜಗಳವಾಡಿದೆವು. ಮೂರನೇ ಸಲವೂ ಉತ್ತರ ತಪ್ಪಾದಾಗ ನಾನು ಪೆನ್ನು ಗೋಡೆಗೆಸೆದೆ.

ಅವಳು ಎದ್ದು ಹೋಗಿ ಪೆನ್ನು ತಂದುಕೊಟ್ಟಳು. "ಯಾಕ್ ಇಷ್ಟೊಂದು ಕೋಪ ಮಗಾ? ನಂಗೆ ಒಂದನೇ ಕ್ಲಾಸಿಂದ್ಲೂ ಹಿಂಗೇನೆ. ಮನೇಲಿ ದಖ್ನಿ ಉರ್ದು, ಸ್ಕೂಲಲ್ಲಿ ಇಂಗ್ಲಿಷು. ಏನ್ ಹೇಳ್ತಾರೆ ಅಂತಾನೇ ತಿಳೀತಿರ್ಲಿಲ್ಲ. ಕೇಳಿ ಕೇಳಿ ಅಭ್ಯಾಸ ಆಗೋಯ್ತು. ನಿಂಗೆ ಈಗ ಶುರು, ಅಷ್ಟೇ."

ಸಮಾಧಾನಕ್ಕೆಂದು ಹೇಳಿದ ಮಾತು. ನನಗೆ ಮಾತ್ರ ಸಮಾಧಾನವಾಗಲಿಲ್ಲ. ಇವಳು ಹತ್ತು ವರ್ಷದಿಂದ ಕಲಿತದ್ದನ್ನು ನಾನು ಯಾವಾಗ ಕಲಿಯುವುದು? ಅವಳ ತಾಯಿ ಚಹಾ, ಸಮೋಸ ತಂದಿಟ್ಟು ನನ್ನ ತಲೆ ಸವರಿದರು. ಆ ಸಂಜೆ ಲೆಕ್ಕ ಮುಗಿಯಲಿಲ್ಲ. ಮರುದಿನ ಸಂಜೆ ಮತ್ತೆ ಅವಳ ಮನೆಗೆ ಹೊರಟ ಬಸ್ಸಿನಲ್ಲಿ, ಹಲಸೂರು ಕೆರೆ ದಾಟುವಾಗ, ಕೋನವನ್ನು ಯಾವ ಕಡೆಯಿಂದ ಹಿಡಿಯಬೇಕೆಂದು ತಟ್ಟನೆ ಹೊಳೆಯಿತು. ಸಂತೋಷಕ್ಕಿಂತ ಸುಸ್ತೇ ಹೆಚ್ಚಾಯಿತು. ಒಂದು ಲೆಕ್ಕಕ್ಕೆ ಇಷ್ಟಾದರೆ ಪುಸ್ತಕದಲ್ಲಿ ಇನ್ನೆಷ್ಟಿವೆ!

ಎರಡು ವರ್ಷ ಹಾಗೇ ನಡೆಯಿತು. ದ್ವಿತೀಯ ಪಿಯುಸಿಯಲ್ಲಿ ಪಾಸಾದೆ, ಯಾರಿಗೂ ಹೇಳಿಕೊಳ್ಳುವಂಥ ಅಂಕಗಳಲ್ಲ. ಫಿಸಿಕ್ಸಿನಲ್ಲಿ ಅವಳಿಗೆ ನನಗಿಂತ ಹೆಚ್ಚು ಬಂತು. ಅವಳು ಬಿಕಾಂ ಸೇರುತ್ತೇನೆಂದಳು, ಅವಳಿಗೆ ಇನ್ನು ಫಿಸಿಕ್ಸ್ ಬೇಕಿರಲಿಲ್ಲ. ನಾನು ಬಿಎಸ್ಸಿಗೆ ಅರ್ಜಿ ಹಾಕಿ, ಫಿಸಿಕ್ಸನ್ನೇ ಆರಿಸಿದೆ.

ಅಪ್ಪನಿಗೆ ಆಶ್ಚರ್ಯವಾಯಿತು. "ಅದ್ರಾಗನ ಕಡಿಮಿ ಬಂದಾವಲ್ಲವಾ. ಅದನ್ನ ಯಾಕ ತಗೋತಿ?"

"ಅದು ನನಗ ಇನ್ನೂ ತಿಳಿದಿಲ್ಲಪಾ," ಎಂದೆ.

ಅಪ್ಪ ಊಟಕ್ಕೆ ಎದ್ದ. ಡಿಗ್ರಿಯಲ್ಲೂ ಅದೇನೂ ಸುಲಭವಾಗಲಿಲ್ಲ. ಮೊದಲ ಸೆಮಿಸ್ಟರಿನಲ್ಲಿ ಎರಡು ಪೆನ್ನು ಮುರಿದೆ.