ಬೂಟು ಕಳಚದೆ ಒಳಗೆ

ಹೊಸ ಬೂಟು ಬಂದಿದೆ. ಡಬ್ಬಿ ತೆರೆದ ಕೂಡಲೇ ಮನೆಯೆಲ್ಲ ಚರ್ಮದ ವಾಸನೆ. ನಿಮಗೆ ಬೂಟೆಂದರೆ ಅಂಗಡಿಗೆ ಹೋಗಿ ಕೊಳ್ಳುವ ವಸ್ತು. ನನ್ನದು ಅಳತೆ ಕೊಟ್ಟು ಹೊಲಿಸುವಂಥದ್ದು. ಎಡಗಾಲಿನದಕ್ಕೆ ಎರಡು ಸರಳು, ಮೊಣಕಾಲಿಗೂ ತೊಡೆಗೂ ಪಟ್ಟಿ. ಕ್ಯಾಲಿಪರ್ ಅನ್ನುತ್ತಾರೆ. ಮಗುವಾಗಿದ್ದಾಗ ಬಂದ ಪೋಲಿಯೋ ನನಗೆ ಬಿಟ್ಟುಹೋದ ಆಸ್ತಿ. ಈ ವಾಸನೆ ಬಂದಾಗಲೆಲ್ಲ ನನಗೆ ಕಾಯಿಕಡುಬಿನ ನೆನಪಾಗುತ್ತದೆ. ಮೂಗು ಮುರಿಯಬೇಡಿ, ಯಾಕೆಂದು ಹೇಳುತ್ತೇನೆ.

ಅದಕ್ಕೆ ಮೊದಲು ಇವತ್ತು ಬೆಳಗಿನ ಫೋನಿನ ವಿಷಯ. ಹದಿಹರೆಯದವರಿಗಾಗಿ ನಾನೊಂದು ಕಾದಂಬರಿ ಬರೆದಿದ್ದೇನೆ, ಮೊದಲನೆಯದು. ನಾಯಕಿಗೂ ಹದಿಹರೆಯ, ಅವಳದೂ ನನ್ನಂಥದೇ ಕಾಲು. ಪ್ರಕಾಶನದ ಸಂಪಾದಕಿ ಒಳ್ಳೆಯ ಹುಡುಗಿ, ತುಂಬ ಮೆಚ್ಚಿಕೊಂಡು ಮಾತಾಡಿದಳು. ಆಮೇಲೆ ಮೆಲ್ಲಗೆ, "ಮೇಡಂ, ಕೊನೇಲಿ ಅವಳು ಕ್ಯಾಲಿಪರ್ ಇಲ್ದೆ ಒಂದೆರಡು ಹೆಜ್ಜೆ ನಡೆಯೋ ಹಾಗೆ ಮಾಡಕ್ಕಾಗುತ್ತಾ? ಮಕ್ಕಳಿಗೆ ಸ್ವಲ್ಪ ಹೋಪ್ ಬೇಕಲ್ವಾ? ಎಂಡಿಂಗ್ ಸರಿಹೋದ್ರೆ ಈ ತಿಂಗಳೇ ಪ್ರಿಂಟಿಗೆ ಕಳಿಸಿಬಿಡ್ತೀನಿ" ಅಂದಳು.

"ನೋಡ್ತೀನಿ" ಅಂದೆ. ನಮ್ಮ ಜಯನಗರದ ಕಡೆ ನೋಡ್ತೀನಿ ಅಂದರೆ ಮುಕ್ಕಾಲು ಪಾಲು ಒಪ್ಪಿದ ಹಾಗೆ. ಕೂದಲು ನೆರೆತ ಮೇಲೆ ಬರುವ ಮೊದಲ ಪುಸ್ತಕ, ಆಸೆ ಯಾರಿಗಿರುವುದಿಲ್ಲ? ಎರಡು ಹೆಜ್ಜೆ ತಾನೆ, ನಡೆಸಿಬಿಟ್ಟರಾಯಿತು ಅಂದುಕೊಂಡೇ ಬೂಟಿನ ಡಬ್ಬಿ ತೆರೆದೆ. ವಿಶಾಲಾಕ್ಷಿ ಆಂಟಿ ನೆನಪಾದರು.

ನಾವಿದ್ದ ರಸ್ತೆಯ ಕೊನೆಗೆ ಆಂಟಿಯ ಮನೆ. ಅವರ ಕಾರ್ ಶೆಡ್ಡಿನಲ್ಲಿ ಕಾರಿರಲಿಲ್ಲ, ಬಾಡಿಗೆಗೆ ಕೊಡುವ ಪುಸ್ತಕಗಳಿದ್ದವು. ಪುಸ್ತಕ ಹಿಂದಿರುಗಿಸುವಾಗ ಅದರ ಕಥೆ ಹೇಳಬೇಕು, ಹೇಳದವರಿಗೆ ಹೊಸ ಪುಸ್ತಕವಿಲ್ಲ. ಇದು ಆಂಟಿಯ ಕಾನೂನು. ಓದಿದವರಿಗೂ ಅಲ್ಲಿಗೆ ಹೋಗುವಾಗ ಪರೀಕ್ಷೆಯ ಭಯ. ನನಗೆ ಆಗ ಹದಿಮೂರೋ ಹದಿನಾಲ್ಕೋ. ಒಂದು ಸಲ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿದೆ. ಅದರಲ್ಲಿ ಊರುಗೋಲಿನ ಹುಡುಗಿಯೊಬ್ಬಳಿದ್ದಳು.

"ಕೊನೆ ಯಾಕೆ ಓದ್ಲಿಲ್ಲ?" ಅಂದರು ಆಂಟಿ.

"ಗೊತ್ತು ಆಂಟಿ. ಇಂಥ ಹುಡುಗೀರು ಕೊನೇಲಿ ಎದ್ದು ಓಡ್ತಾರೆ, ಇಲ್ಲ ಸತ್ತೋಗ್ತಾರೆ."

ಆಂಟಿ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಮತ್ತೆ ನೀನು?"

"ನಾನು ಸಂಜೆ ಮ್ಯಾಥ್ಸ್ ಟ್ಯೂಷನ್‌ಗೆ ಹೋಗ್ತೀನಿ."

ಶೆಡ್ಡಿನ ತಗಡು ಅದುರುವಂತೆ ನಕ್ಕರು. ಹೊಸ ಪುಸ್ತಕ ಕೈಗಿಟ್ಟು, "ಹಾಗಿದ್ರೆ ಅದನ್ನೇ ಬರಿ ನೀನು" ಅಂದರು. ನಾನು ತಮಾಷೆಗೆ ಹೇಳಿದ್ದಾರೆ ಅಂದುಕೊಂಡೆ.

ಅದೇ ವರ್ಷದ ಗಣೇಶನ ಹಬ್ಬ. ಆ ದಿನ ನಾವು ಮಕ್ಕಳೆಲ್ಲ ಅಕ್ಷತೆ ಹಿಡಿದು, "ಆಂಟಿ, ಗಣೇಶ ಕೂರ್ಸಿದೀರಾ?" ಅಂತ ಮನೆಮನೆ ಸುತ್ತುತ್ತಿದ್ದೆವು. ನನ್ನ ಜೊತೆಗೆ ಪಕ್ಕದ ಮನೆಯ ರೇಖಾ. ಆದರೆ ದೇವರ ಮುಂದೆ ಬೂಟು ಹಾಕಿಕೊಂಡು ಹೋಗುವುದುಂಟೇ? ಬೂಟು ಕಳಚಿದರೆ ಕ್ಯಾಲಿಪರೂ ಹೋಯಿತು, ಆಮೇಲೆ ನಾನು ತೆವಳಬೇಕು. ಹಾಗಾಗಿ ಪ್ರತಿ ಮನೆಯ ಮೆಟ್ಟಿಲ ಮೇಲೂ ನಾನು ಕೂರುವುದು, ರೇಖಾ ನನ್ನ ಪಾಲಿನ ಅಕ್ಷತೆಯನ್ನೂ ಹಾಕಿ ಬರುವುದು. ಮನೆಯವರು ಹೊರಗೆ ಬಂದು, "ಅಯ್ಯೋ ಪಾಪ, ಕಾಲು ಸರಿಮಾಡಪ್ಪಾ ಅಂತ ಕೇಳ್ಕೋ ಪುಟ್ಟಿ" ಅಂತ ನನ್ನ ಕೈಗೆ ಎರಡು ಕಡುಬು ಇಡುತ್ತಿದ್ದರು. ಉಳಿದ ಮಕ್ಕಳಿಗೆ ಒಂದು.

"ನಿಂಗೇ ಲಾಭ ಕಣೇ" ಅಂತ ರೇಖಾಗೆ ಹೊಟ್ಟೆಯುರಿ. ಕೊಟ್ಟವರೇನೂ ಕೆಟ್ಟವರಲ್ಲ, ಪ್ರೀತಿಯಿಂದಲೇ ಕೊಡುತ್ತಿದ್ದರು. ನಾನೂ ತಿನ್ನುತ್ತಿದ್ದೆ, ಸ್ವಾಭಿಮಾನಕ್ಕೂ ಕಡುಬಿಗೂ ಜಗಳ ಬಿದ್ದರೆ ಆ ವಯಸ್ಸಿನಲ್ಲಿ ಗೆಲ್ಲುವುದು ಕಡುಬೇ. ಆದರೆ ನಮ್ಮ ಮನೆಯ ಗಣೇಶನನ್ನು ಬಿಟ್ಟರೆ ಇನ್ನೊಬ್ಬರ ಮನೆಯ ಗಣೇಶನನ್ನು ನಾನು ನೋಡಿಯೇ ಇರಲಿಲ್ಲ. ಅದು ಬಾಯಿಬಿಟ್ಟು ಹೇಳಲಾಗದ ದುಃಖ.

ವಿಶಾಲಾಕ್ಷಿ ಆಂಟಿಯ ಮನೆಗೆ ಹೋದಾಗಲೂ ನನ್ನ ಪಾಡಿಗೆ ಮೆಟ್ಟಿಲ ಮೇಲೆ ಕೂತೆ. ಆಂಟಿ ಒದ್ದೆ ಬಟ್ಟೆ ಹಿಡಿದು ಬಂದರು. ರೇಷ್ಮೆ ಸೀರೆಯಲ್ಲೇ ನೆಲಕ್ಕೆ ಕೂತು, "ಕಾಲೆತ್ತು" ಅಂದರು. ಬೂಟಿನ ಅಡಿ ಒರೆಸಿದರು, ಅಂಚಿನಲ್ಲಿ ಕಚ್ಚಿಕೊಂಡಿದ್ದ ಮಣ್ಣನ್ನು ಉಗುರಿನಿಂದ ಕೆರೆದು ತೆಗೆದರು. "ಏಳು, ಒಳಗ್ಬಾ."

ನಡುಮನೆಯಲ್ಲಿದ್ದ ಅವರ ಅತ್ತೆ ಗಾಬರಿಯಾದರು. "ಏನೇ ಇದು, ದೇವರ ಮುಂದೆ ಬೂಟಾ?"

"ಅದು ಬೂಟಲ್ಲ ಅತ್ತೆ, ಅವಳ ಕಾಲು."

ಅತ್ತೆ ಏನೋ ಗೊಣಗಿದರು. ಆಮೇಲೆ ತಾವು ಕೂತಿದ್ದ ಮಣೆಯನ್ನು ಪಕ್ಕಕ್ಕೆಳೆದು ನನಗೆ ದಾರಿ ಬಿಟ್ಟರು. ಕೆಂಪು ಗಾರೆಯ ನೆಲದ ಮೇಲೆ ಟಕ್ ಟಕ್ ಸದ್ದು ಮಾಡುತ್ತ ನಾನು ಒಳಗೆ ಹೋದೆ. ಗಣೇಶ ಅಷ್ಟೇನೂ ದೊಡ್ಡದಿರಲಿಲ್ಲ, ಕಿವಿಯೊಂದು ಸ್ವಲ್ಪ ಸೊಟ್ಟ. ಅವನನ್ನೇ ನೋಡುತ್ತ ಅರ್ಧ ಅಕ್ಷತೆ ನೆಲಕ್ಕೆ ಹಾಕಿದೆ. ಕಾಲಿನ ವಿಷಯ ಕೇಳಿಕೊಳ್ಳುವುದು ಮರೆತೇಹೋಯಿತು.

ಆಂಟಿ ರೇಖಾಗೊಂದು, ನನಗೊಂದು ಕಡುಬು ಕೊಟ್ಟರು. ಅಭ್ಯಾಸ ನೋಡಿ, ನಾನು ಇನ್ನೊಂದು ಕೈಯನ್ನೂ ಚಾಚಿದೆ.

"ಎಲ್ಲರಿಗೂ ಒಂದೇ" ಅಂದರು ಆಂಟಿ.

ಒಂದು ಗಳಿಗೆ ಮುಖ ಸಣ್ಣದಾಯಿತು. ಗೇಟು ದಾಟುವಷ್ಟರಲ್ಲಿ ಅದೆಲ್ಲಿಂದಲೋ ಸಂತೋಷ ಉಕ್ಕಿಬಂದು ಅತ್ತುಬಿಟ್ಟೆ. "ಒಂದು ಕಡುಬಿಗೆಲ್ಲ ಅಳ್ತಾರೇನೇ, ತಗೋ" ಅಂತ ರೇಖಾ ತನ್ನದರಲ್ಲಿ ಅರ್ಧ ಮುರಿದುಕೊಟ್ಟಳು. ಅದನ್ನೂ ತಿಂದೆ.

ಆಂಟಿ ಈಗಿಲ್ಲ. ನಾನು ಅವರಿಗೆ ಥ್ಯಾಂಕ್ಸ್ ಹೇಳಿದ್ದೇ ಇಲ್ಲ. ಹೇಳಿದ್ದರೆ, "ಅದಿರಲಿ, ಕಥೆ ಹೇಳು ಮೊದಲು" ಅನ್ನುತ್ತಿದ್ದರೇನೋ. ನಾನು ಬರೆದ ಕಥೆಯಲ್ಲಿ ಅಕ್ಷರ ಅಕ್ಷರವೂ ಅವರ ಋಣ. ಅದರ ಕೊನೆಗೆ ಆ ಹುಡುಗಿಯ ಕ್ಯಾಲಿಪರ್ ಕಳಚಿ ನಡೆಸಿದರೆ, ಅವಳನ್ನು ಮತ್ತೆ ಮೆಟ್ಟಿಲ ಮೇಲೆ ಕೂರಿಸಿದ ಹಾಗೆಯೇ ಸರಿ.

ಹೊಸ ಬೂಟು ಕಟ್ಟಿಕೊಂಡು, ಎದ್ದು ನಿಂತು ಸಂಪಾದಕಿಗೆ ಫೋನ್ ಮಾಡಿದೆ. "ಅವಳ ಕಾಲು ಹಾಗೇ ಇರುತ್ತೆ ಕಣಮ್ಮ. ಅದಕ್ಕೆ ಪುಸ್ತಕ ಬೇಡ ಅಂದ್ರೂ ಪರವಾಗಿಲ್ಲ."

ಅವಳು ನಿಜವಾದ ಕುತೂಹಲದಿಂದಲೇ ಕೇಳಿದಳು: "ಹಾಗಾದ್ರೆ ಕೊನೇಲಿ ಅವಳಿಗೆ ಏನು ಸಿಗುತ್ತೆ ಮೇಡಂ?"

"ಒಂದು ಕಡುಬು" ಅಂದೆ. "ಎಲ್ಲರಿಗೂ ಸಿಕ್ಕಷ್ಟೇ."