ಗಂಗಕ್ಕನ ಕೌದಿ ಯಾರಿಗೆ ಮುಟ್ಟಿತು?

ಗಂಗಕ್ಕಾ, ಆವತ್ತು ನಿನ್ನ ಮಾತನ್ನು ನಾನು ಇಂಗ್ಲಿಷಿಗೆ ದಾಟಿಸಲಿಲ್ಲ — ನನ್ನದೇ ಬೇರೊಂದು ಮಾತನ್ನು ನಿನ್ನ ಬಾಯಿಗೆ ಹಾಕಿದೆ. ವರ್ಷಗಳೇ ಆದವು. ನಾಳೆ ನಿನ್ನೆದುರು ಹೇಳುವುದನ್ನು ಇವತ್ತು ಮನಸ್ಸಿನಲ್ಲೇ ಹೇಳಿ ನೋಡುತ್ತಿದ್ದೇನೆ. ಹೇಳಿಯೇಬಿಡಬೇಕೆಂಬ ಹುರುಪು — ತಡೆಯಲಾಗುತ್ತಿಲ್ಲ.

ಆಗ ನಾನು ಇಳಕಲ್ಲಿನಿಂದ ಬಸ್ಸು ಹತ್ತಿ ನಿಮ್ಮೂರು ಮರೋಳಕ್ಕೆ ಬರುತ್ತಿದ್ದ ಹೊಸ ದುಭಾಷಿ. ಹೊರದೇಶದಿಂದ ನೆರವು ತಂದವರ ಮಾತು ನಿಮಗೆ, ನಿಮ್ಮ ಮಾತು ಅವರಿಗೆ ಮುಟ್ಟಿಸುವುದು ನನ್ನ ಕೆಲಸ. ಮೊದಲು ಬಂದವರು ಚರ್ಚಿನವರು. ಓಣಿಗೆ ನೀರಿನ ಟ್ಯಾಂಕು ಕಟ್ಟಿಸಿ, ಪ್ರಾರ್ಥನೆ ಮಾಡಿ ನಲ್ಲಿ ತಿರುಗಿಸಿದರು. ನೀನೂ ಕೊರಳಿನ ಲಿಂಗ ಮುಟ್ಟಿಕೊಂಡು ಕಣ್ಣು ಮುಚ್ಚಿ ನಿಂತಿದ್ದೆ. ಆಮೇಲೆ ನಿಮ್ಮ ಹೆಂಗಸರ ಸಂಘಕ್ಕೆ ಹೊಲಿಗೆ ಯಂತ್ರ ತಂದವರು ಬೇರೆ ಸಂಸ್ಥೆಯವರು. ಅವರ ನಿಯಮ — ಕೆಲಸದಲ್ಲಿ ಯಾವ ದೇವರೂ, ಯಾವ ಧರ್ಮವೂ ಬರಕೂಡದು. ಅದನ್ನು ಕೇಳಿ ನೀನು ನಕ್ಕಿದ್ದೆ.

“ದೇವರ ಹೆಸರಿಲ್ಲದನ ಕೊಡ್ತಾರಂದ್ರ ಅವ್ರೂ ಭಾಳ ಚೊಲೊ ಮಂದಿ ಬಿಡ ತಂಗಿ.”

ಆ ಸಂಸ್ಥೆಯ ಮೇಡಂ ಬಂದ ದಿನ ನೀನು ಒಳಗಿನಿಂದ ಕೌದಿ ತಂದೆ. ಸಂಘದ ಹೆಂಗಸರೆಲ್ಲ ತಮ್ಮ ಹಳೆಯ ಸೀರೆಯ ತುಂಡು ಕೊಟ್ಟು ಹೊಲಿದದ್ದು. ಹೊಲಿಗೆ ಮುಚ್ಚುವ ಮೊದಲು ರೊಟ್ಟಿಯ ಚೂರೊಂದನ್ನು ಒಳಗಿಟ್ಟಿದ್ದಿರಿ, ಕೌದಿಯ ಹೊಟ್ಟೆ ಬರಿದಾಗಿರಬಾರದೆಂದು. ಅದನ್ನು ಮೇಡಂ ಕೈಗಿಟ್ಟು ನೀನು ಹೇಳಿದೆ:

“ನಿಮ್ಮೂರಾಗೂ ಇಲ್ಲದವ್ರು ಇರ್ತಾರಲ್ರಿ. ಥಂಡಿಯೊಳಗ ಮಲಗೋ ಒಬ್ರಿಗೆ ಇದನ್ನ ಹೊಚ್ರಿ. ದಾಸೋಹದಾಗ ಉಂಡವ್ರು ದಾಸೋಹ ಮಾಡಬೇಕ್ರಿ.”

ದಾಸೋಹ — ಅದು ಮಠದ ಮಾತು, ಶರಣರ ಮಾತು. ಧರ್ಮದ ಕೆಲಸವೆಂದು ತಿಳಿದು ಯಂತ್ರಗಳನ್ನು ವಾಪಸ್ಸು ಒಯ್ದರೆ? ಅದು ಅರ್ಧ ನಿಜ. ಇನ್ನರ್ಧ — ನನಗೆ ನಾಚಿಕೆಯಾಗಿತ್ತು. ಕೈಯೊಡ್ಡಿದ ನಾವು ಅಂಥ ಶ್ರೀಮಂತ ದೇಶಕ್ಕೆ ಕೊಡುವುದೇ, ಮೇಡಂ ಏನಂದಾರು… “ನಿಮ್ಮಿಂದ ತುಂಬಾ ಉಪಕಾರವಾಯಿತು, ಇದು ನಿಮಗೆ ನೆನಪಿನ ಕಾಣಿಕೆ ಎನ್ನುತ್ತಿದ್ದಾರೆ” ಎಂದುಬಿಟ್ಟೆ. ಮೇಡಂ ಕಣ್ಣು ತುಂಬಿ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಎಷ್ಟು ಹಿಗ್ಗಿದ್ದೆ ನಾನು!

ಮುಂದೆ ಅವರಿಂದ ಫೋಟೋ ಬಂತು — ಅವರ ಕಚೇರಿಯ ಗೋಡೆಯ ಮೇಲೆ, ಗಾಜಿನ ಚೌಕಟ್ಟಿನೊಳಗೆ ನಿನ್ನ ಕೌದಿ. ನಿನಗೆ ತೋರಿಸಲಿಲ್ಲ.

“ಯಾರಿಗೆ ಮುಟ್ಟೇತಿ ತಂಗಿ?” ಎಂದು ನೀನು ಕೇಳಿದಾಗ, “ಒಬ್ಬಾಕಿ ಅಜ್ಜಿ ಹೊಚ್ಕೊಂಡಾಳಕ್ಕಾ” ಎಂದೆ, ಸಲೀಸಾಗಿ. ನೀನು ಓಣಿಯ ತುಂಬ ಹೇಳಿಕೊಂಡು ಬಂದೆ. ಅಜ್ಜಿಗೆ ಮೊಮ್ಮಕ್ಕಳಿದ್ದಾರೋ ಎಂದು ವಿಚಾರಿಸಿದೆ, ಇದ್ದಾರೆಂದೆ ನಾನು. ಸುಳ್ಳಿಗೆ ಅಷ್ಟು ಬೇಗ ಸಂಸಾರ ಬೆಳೆಯುತ್ತದೆಂದು ಗೊತ್ತಿರಲಿಲ್ಲ. ಈಗ ಮೇಡಂ ಕೈಯಲ್ಲಿ ಕಳಿಸಲು ಆ ಮಕ್ಕಳಿಗೆಂದು ಸಣ್ಣ ಸಣ್ಣ ಕೌದಿ ಹೊಲಿದಿಟ್ಟುಕೊಂಡು ಕೂತಿದ್ದೀಯ — ಅಕ್ಕಾ, ಅವನ್ನು ನೋಡಿದ ಮೇಲೆ ಇನ್ನು ಮುಚ್ಚಿಡಲಾರೆ.

ನಾಳೆ ಮೇಡಂ ಮತ್ತೆ ಬರುತ್ತಾರೆ. ತಾವು ಕೊಟ್ಟದ್ದು ಯಾರಿಗೆ ಮುಟ್ಟಿತೆಂದು ಪ್ರತಿ ಸಲ ಕೇಳುವವರು ಅವರು. ಈ ಸಲ ಕೇಳುವ ಹಕ್ಕು ನಿನ್ನದು. ಎಲ್ಲರೆದುರು ಮೊದಲು ನಮ್ಮ ಮಾತಿನಲ್ಲಿ ನಿನಗೆ ಹೇಳುತ್ತೇನೆ — ಅಜ್ಜಿ ಇಲ್ಲ, ಮೊಮ್ಮಕ್ಕಳೂ ಇಲ್ಲ, ನಿನ್ನ ಕೌದಿಯನ್ನು ಯಾರೂ ಹೊದ್ದಿಲ್ಲ, ಅದಕ್ಕೆ ಕಾರಣ ನಾನು. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಮೇಡಂಗೆ ಹೇಳುತ್ತೇನೆ, ದಾಸೋಹದ ಮಾತು ಬಿಡದೆ. ನೀನು ನನ್ನನ್ನು ಬೈಯುತ್ತೀ, ಬೈಯಲೇಬೇಕು. ಆ ಬೈಗುಳವನ್ನೂ ಒಂದಕ್ಷರ ಬಿಡದೆ ಅವರಿಗೆ ಅನುವಾದ ಮಾಡುತ್ತೇನೆ.