ಅವ್ವನೂ ಬಾಯಿಯೂ ಒಬ್ಬಾಕಿನೇ

ಇಪ್ಪತ್ತೆರಡು ವರ್ಷ ನಾನು ಗಡಿಯಾಚೆ, ಮರಾಠಿ ಸೀಮೆಯ ಉಮರ್ಗಾ ಡಿಪೋದ ಸರಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ಉಮರ್ಗಾದಿಂದ ನಿಲಂಗಾ, ನಿಲಂಗಾದಿಂದ ಉದಗೀರ, ತಿರುಗಿ ಅದೇ ದಾರಿ. ತಾರೀಖು ಮುಗಿದ ಪಾಸನ್ನು ಹೆಬ್ಬೆರಳಿನಿಂದ ಅರ್ಧ ಮುಚ್ಚಿ ತೋರಿಸುವವರು, ತಿಕೀಟು ಕೇಳಿದ ಕೂಡಲೇ ನಿದ್ದೆ ಹೋಗುವವರು, ಎತ್ತರ ಬೆಳೆದ ಮಗನನ್ನು ತೊಡೆಯ ಮೇಲೆ ಮಡಚಿ ಕೂರಿಸಿಕೊಂಡು 'ಇನ್ನಾ ಐದು ತುಂಬಿಲ್ರೀ' ಅನ್ನುವವರು, ಎಲ್ಲರನ್ನೂ ಹಿಡಿದಿದ್ದೇನೆ. ಅಂಥ ನಾನು ನನ್ನ ಸ್ವಂತ ಅಕ್ಕನ ಪಾಸ್‌ಪೋರ್ಟಿನ ತಾರೀಖು ನೋಡದೆ ಹಡಗಿನ ತಿಕೀಟು ತೆಗೆಸಿಬಿಟ್ಟೆ.

ಹಡಗೆಂದರೆ ಸಣ್ಣದಲ್ಲ, ಹನ್ನೊಂದು ಅಂತಸ್ತಿನದು. ಮುಂಬೈಯಲ್ಲಿ ಹತ್ತಿದರೆ ಕೊಚ್ಚಿ ಮುಟ್ಟಿ, ಲಂಕೆಯಲ್ಲಿ ಒಂದು ದಿನ ನಿಂತು, ತಿರುಗಿ ಮುಂಬೈಗೆ ತಂದುಬಿಡುತ್ತದೆ. ಅದಕ್ಕೆ ಕ್ರೂಸ್ ಅನ್ನುತ್ತಾರೆ. ನಿವೃತ್ತಿಯಾದಾಗ ನನಗಿದ್ದ ಆಸೆ ಇಷ್ಟೇ: ನಾನು ಗಂಟೆ ಹೊಡೆಯದೆಯೂ ನಡೆಯುವ ಒಂದು ಗಾಡಿಯಲ್ಲಿ ಕೂತು ಬರಬೇಕು. ನಮ್ಮ ಯಜಮಾನರಿಗೆ ನೀರು ಕಂಡರೆ ಆಗದು. ಬಾವಿಯಲ್ಲಿ ಇಣುಕಬೇಕಾದರೂ ಇನ್ನೊಬ್ಬರ ಕೈ ಹಿಡಿಯುತ್ತಾರೆ. ಹೀಗಾಗಿ ಉದಗೀರದ ಅಕ್ಕನನ್ನು ಜೋಡಿ ಮಾಡಿಕೊಂಡೆ.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಗುಂಜೋಟಿ ನಮ್ಮ ತವರು. ಅವಳನ್ನು ಉದಗೀರದ ಕುರಿ ಸಾಕುವ ಮನೆಗೆ ಕೊಟ್ಟಿದ್ದರು. ಮಗ, ಸೊಸೆ, ಮೊಮ್ಮಕ್ಕಳು, ಅರವತ್ತು ಕುರಿ, ಎಲ್ಲರ ಮೇಲೂ ಅವಳದೇ ದರ್ಬಾರು. ಹತ್ತು ವರ್ಷದ ಹಿಂದೆ ಓಣಿಯ ಹೆಂಗಸರ ಜೊತೆ ಕಾಠ್ಮಾಂಡುವಿನ ಯಾತ್ರೆಗೆ ಹೋಗಿದ್ದಳು. ಬೇಕಾಗಲಿಕ್ಕಿಲ್ಲ, ಇದ್ದರೆ ಒಳ್ಳೆಯದು ಅಂತ ಯಾರೋ ಹೇಳಿದ್ದಕ್ಕೆ ಆಗಲೇ ಪಾಸ್‌ಪೋರ್ಟ್ ಮಾಡಿಸಿದ್ದಳು. ನನ್ನದು ಅದಾದ ಎರಡು ವರ್ಷದ ಮೇಲೆ ಆದದ್ದು. ನನ್ನದರಲ್ಲಿ ಇನ್ನೂ ಕಾಲ ಇತ್ತು. ಅಕ್ಕನದೂ ಇದ್ದೀತು ಅಂತ ಸುಮ್ಮನಿದ್ದೆ.

ಹಡಗು ಹೊರಡಲಿಕ್ಕೆ ಏಳು ವಾರ ಇದ್ದಾಗ ಲಾತೂರಿನ ಟೂರ್ ಆಫೀಸಿನ ಹುಡುಗಿ ಫೋನ್ ಮಾಡಿದಳು. ನಿಮ್ಮ ಅಕ್ಕನ ಪಾಸ್‌ಪೋರ್ಟಿಗೆ ಇನ್ನು ಮೂರೇ ತಿಂಗಳು ಉಳಿದಿದೆ, ಆರು ತಿಂಗಳಿಗಿಂತ ಕಡಿಮೆ ಇದ್ದರೆ ಹಡಗಿಗೆ ಹತ್ತಿಸುವುದಿಲ್ಲ ಅಂದಳು. ನಾನು ಕೂಡಲೇ ಅಕ್ಕನಿಗೆ ಫೋನ್ ಹಚ್ಚಿದೆ.

"ಮೂರು ತಿಂಗಳ ಅದ ಅಲ್ಲಾ? ನಾವು ಹೋಗೋದು ಏಳು ದಿನ," ಅಂದಳು ಅಕ್ಕ.

"ಆರು ತಿಂಗಳ ಇರಬೇಕಂತ."

"ಯಾಕ? ಹಡಗದವರು ನಮಗ ತಿರುಗಿ ಕರ್ಕೊಂಡು ಬರಂಗಿಲ್ಲೇನು?"

"ಕಾಯ್ದೆ ಅದ ಅಕ್ಕಾ."

"ಸುಡು ನಿನ್ನ ಕಾಯ್ದೆ. ಗುಳಗಿ ತಾರೀಖ ಮುಗದ ಮ್ಯಾಲ ಒಗೀತಾರ. ಮುಗಿಯೂಕಿಂತ ಮೊದ್ಲೇ ಒಗೀತಾರೇನು?"

ನಾನು ಫೋನ್ ಇಟ್ಟೆ. ಮರುದಿನ ಮುಂಜಾನೆಯ ಬಸ್ಸಿಗೆ ಉದಗೀರಕ್ಕೆ ಹೋದೆ.

ಅಕ್ಕ ದೇವರ ಗೂಡಿಗೆ ಕೈ ಹಾಕಿ ಪಾಸ್‌ಪೋರ್ಟ್ ತೆಗೆದಳು. ಬೀರಪ್ಪನ ಮುಂದೆ, ಭಂಡಾರದ ಬಟ್ಟಲಿನ ಕೆಳಗೆ, ಹತ್ತು ವರ್ಷ ಇಟ್ಟಿದ್ದಳಂತೆ. ಭಂಡಾರ ಅಂದರೆ ದೇವರಿಗೆ ಏರಿಸುವ ಅರಿಶಿಣ ಪುಡಿ. ನೀಲಿ ರಟ್ಟು ಹಸಿರಿಗೆ ತಿರುಗಿತ್ತು. ತೆರೆದರೆ ಪ್ರತಿ ಪುಟದ ಸಂದಿಯಿಂದಲೂ ಹಳದಿ ಉದುರಿತು.

"ಇದೇನ ಮಾಡೀದಿ ಅಕ್ಕಾ?"

"ಸರಕಾರಿ ಕಾಗದ ಎಲ್ಲಿ ಇಡಬೇಕು ಮತ್ತ? ಬೀರಪ್ಪ ಕಾಯ್ದಾನ. ನೋಡು, ಒಂದು ಹುಳ ಹತ್ತಿಲ್ಲ."

ಹುಳ ಹತ್ತಿರಲಿಲ್ಲ, ಅದು ಖರೆ.

ಅಲ್ಲಿಂದ ಬಸ್ ಸ್ಟ್ಯಾಂಡಿನ ಎದುರಿನ ಕಂಪ್ಯೂಟರ್ ಅಂಗಡಿಗೆ ಅರ್ಜಿ ತುಂಬಿಸಲು ಹೋದೆವು. ಅಂಗಡಿಯವನು ಪಾಸ್‌ಪೋರ್ಟ್ ಒಂದು ಕೈಯಲ್ಲಿ, ಆಧಾರ್ ಕಾರ್ಡು ಇನ್ನೊಂದು ಕೈಯಲ್ಲಿ ಹಿಡಿದು ಅಕ್ಕನ ಮುಖ ನೋಡಿದ. "ಆಜಿ, ನೀವು ಇವರಲ್ಲಿ ಯಾರು?" ಅಂತ ಮರಾಠಿಯಲ್ಲಿ ಕೇಳಿದ.

ಪಾಸ್‌ಪೋರ್ಟಿನಲ್ಲಿ ಅವಳ ಹೆಸರು 'ವ್ವ' ಅಂತ ಮುಗಿಯುತ್ತಿತ್ತು, ಆಧಾರಿನಲ್ಲಿ 'ಬಾಯಿ' ಅಂತ. ನಮ್ಮ ಕಡೆ ಇದು ಹೊಸದೇನಲ್ಲ. ತವರಿನಲ್ಲಿ ಅವ್ವ ಆದವಳು ಅತ್ತೆಮನೆಯಲ್ಲಿ ಬಾಯಿ ಆಗುತ್ತಾಳೆ, ಎರಡೂ ಹೆಸರಿಗೂ ಓ ಅನ್ನುತ್ತಾಳೆ. ಆದರೆ ಎರಡನ್ನೂ ಸರಕಾರಕ್ಕೆ ಹೇಳುವುದಿಲ್ಲ.

"ಪಾಸ್‌ಪೋರ್ಟಿಗೆ ತವರಮನಿ ಹೆಸರು ಯಾಕ ಹೇಳೀದಿ?" ಅಂತ ಕೇಳಿದೆ.

"ಕಾಠ್ಮಾಂಡುಕ ಹೋಗೂದು ನಾ. ನಮ್ಮ ಅತ್ತಿ ಅಲ್ಲ."

ಕೋರ್ಟಿನಲ್ಲಿ ಇಬ್ಬರೂ ಒಬ್ಬರೇ ಅಂತ ಒಂದು ಪ್ರತಿಜ್ಞಾಪತ್ರ ಮಾಡಿಸಿ ತರಬೇಕು, ಹೆಸರು ಆಧಾರಿನಂತೆ ಬದಲಾಗುತ್ತದೆ ಅಂತ ಅಂಗಡಿಯವನು ಹೇಳಿದ. ಉದಗೀರದಲ್ಲೇ ಕೋರ್ಟಿದೆ. ಆದರೆ ಉದಗೀರದ ನೋಟರಿ ವಕೀಲರ ಹತ್ತಿರ ಅಕ್ಕ ಕುರಿ ವ್ಯವಹಾರದಲ್ಲಿ ಒಮ್ಮೆ ಜಗಳ ಮಾಡಿದ್ದಳಂತೆ. ಇನ್ನೊಬ್ಬ ವಕೀಲರ ಮಗಳ ಮದುವೆಯಲ್ಲಿ ಊಟ ಚಲೋ ಇರಲಿಲ್ಲ ಅಂತ ಎಲ್ಲರೆದುರು ಅಂದಿದ್ದಳಂತೆ. ಹಾಗಾಗಿ ನಿಲಂಗಾವೇ ಆಯಿತು. ಅವಳು ಅತ್ತಲಿಂದ, ನಾನು ಇತ್ತಲಿಂದ ಬಂದು ಬಸ್ ಸ್ಟ್ಯಾಂಡಿನಲ್ಲಿ ಕೂಡಿದೆವು.

ನೋಟರಿ ವಕೀಲರು ಕೋರ್ಟಿನ ಕಂಪೌಂಡ್ ಗೋಡೆಯ ಪಕ್ಕ ಟೇಬಲ್ ಹಾಕಿಕೊಂಡು ಕೂತಿದ್ದರು. ಮರಾಠಿಯವರು, ಕನ್ನಡ ತಿಳಿಯುತ್ತಿತ್ತು. ಕಾಗದ ಟೈಪ್ ಮಾಡಿಸಿ ಅಕ್ಕನ ಮುಂದಿಟ್ಟರು.

"ಈ ಇಬ್ಬರೂ ಒಬ್ಬಳೇ ಹೆಂಗಸು ಅಂತ ನೀವು ಪ್ರಮಾಣ ಮಾಡ್ತೀರಾ?"

"ನೀವ ಹೇಳ್ರಿ," ಅಂದಳು ಅಕ್ಕ. "ಬಾಯಿ ಅಂದ್ರ ಮುಂಜಾನಿ ಎದ್ದು ಸೊಸಿಗಿ ಬೈತಾಳ. ಅವ್ವ ಅಂದ್ರ ಸುಮ್ಮ ಕೂತು ಎಲಿ ಅಡಕಿ ಹಾಕ್ತಾಳ. ಇಬ್ಬರೂ ಒಂದೇ ಅಂತ ನಾ ಹ್ಯಾಂಗ ಹೇಳ್ಲಿ?"

ವಕೀಲರ ಪೆನ್ನು ಗಾಳಿಯಲ್ಲೇ ನಿಂತಿತು. ನಾನು ಮೇಜಿನ ಕೆಳಗೆ ಅಕ್ಕನ ಕಾಲು ತುಳಿದೆ. ಅವರು ನನ್ನ ಕಡೆ ತಿರುಗಿ, "ನೀವು ಸಾಕ್ಷಿ. ನಿಮಗೇನು ಅನಿಸ್ತದ?" ಅಂದರು.

"ನಾ ಇಬ್ಬರನ್ನೂ ಐವತ್ತು ವರ್ಷದಿಂದ ನೋಡೀನ್ರಿ. ಇಬ್ಬರೂ ಮಾತು ಕೇಳಂಗಿಲ್ಲ. ಅದರ ಮ್ಯಾಲಿಂದ ಒಬ್ಬಾಕಿನೇ ಅಂತ ಗೊತ್ತಾಗ್ತದ."

ವಕೀಲರು ನಗು ತಡೆಯಲಾರದೆ ಕೆಮ್ಮಿದರು, ಶಿಕ್ಕಾ ಹೊಡೆದರು.

ಆಮೇಲೆ ಲಾತೂರಿನ ಪಾಸ್‌ಪೋರ್ಟ್ ಕಚೇರಿ. ಅಲ್ಲಿ ಕೂತಿದ್ದ ಹುಡುಗಿಗೆ ನಮ್ಮ ಮೊಮ್ಮಕ್ಕಳಿಗಿಂತ ನಾಲ್ಕು ವರ್ಷ ಹೆಚ್ಚಾಗಿದ್ದೀತು. ಹಳೆಯ ಪಾಸ್‌ಪೋರ್ಟ್ ತೆರೆದಳು, ಸೀನಿದಳು. ಇನ್ನೊಂದು ಪುಟ ತಿರುವಿದಳು, ಮತ್ತೆ ಸೀನಿದಳು. ಕೀಬೋರ್ಡಿನ ಮೇಲೆಲ್ಲ ಹಳದಿ ಬಿತ್ತು. ಇದು ಕೆಟ್ಟುಹೋಗಿದೆಯಾ ಏನು ಅಂತ ಅವಳು ಅನುಮಾನದಿಂದ ನೋಡಿದಳು. ಕೆಟ್ಟದ್ದು ಅಂತ ಬರೆದರೆ ಬೇರೆ ಅರ್ಜಿ, ಬೇರೆ ದಿನ.

ಅಕ್ಕ ಮಾತ್ರ ಶಾಂತಳಾಗಿ ಮುಂದೆ ಬಾಗಿ, ಕೀಬೋರ್ಡಿನ ಮೇಲೆ ಬಿದ್ದ ಭಂಡಾರವನ್ನು ಬೆರಳ ತುದಿಯಿಂದ ಒಟ್ಟು ಮಾಡಿ ಆ ಹುಡುಗಿಯ ಹಣೆಗೆ ಹಚ್ಚಿಬಿಟ್ಟಳು. "ಬೀರಪ್ಪ ಚಂದ ಇಡಲಿ. ಮದಿವಿ ಆಗ್ಯದೇನು?"

ಹುಡುಗಿ ಕೆಂಪಾದಳು. ಇನ್ನೂ ಇಲ್ಲ ಅಂತ ತಲೆ ಅಲ್ಲಾಡಿಸಿದಳು. ಒಂದು ಬಟ್ಟೆ ತೆಗೆದುಕೊಂಡು ಪುಟಗಳನ್ನು ಒಂದೊಂದಾಗಿ ಒರೆಸಿ, ಅಕ್ಷರ ಎಲ್ಲ ಕಾಣಿಸುತ್ತವೆ ಅಂದಳು. ನನಗೆ ಜೀವ ಬಂತು.

ಬೆರಳಚ್ಚಿಗೆ ಬಂದಾಗ ಯಂತ್ರ ಅಕ್ಕನನ್ನು ಒಪ್ಪಲಿಲ್ಲ. ಒಂದೊಂದೇ ಬೆರಳು ಇಟ್ಟಳು, ಯಂತ್ರ ಕೆಂಪು ದೀಪ ತೋರಿಸಿತು. ಅರವತ್ತು ವರ್ಷ ರೊಟ್ಟಿ ಬಡಿದು, ಉಣ್ಣೆ ನೂತು, ಅವಳ ಬೆರಳಿನ ಗೆರೆಗಳೆಲ್ಲ ಸವೆದು ಹೋಗಿದ್ದವು. ಕೈ ತೊಳೆದು ಬಾ ಅಂದರು. ತೊಳೆದು ಬಂದಳು, ಆಗಲಿಲ್ಲ. ಕ್ರೀಮ್ ಹಚ್ಚಿ ನೋಡಿದರು, ಆಗಲಿಲ್ಲ.

"ಇದಕ್ಕ ರೊಟ್ಟಿ ಬಡಿಯೂ ಕೈ ಗುರ್ತ ಇಲ್ಲ," ಅಂದಳು ಅಕ್ಕ, ಯಂತ್ರದ ಮೇಲೆ ಮರುಕಪಡುತ್ತ. "ಮನಿ ಊಟ ಸಿಕ್ಕಿಲ್ಲ ಅನಸ್ತದ ಪಾಪ."

ಕಡೆಗೆ ಆ ಹುಡುಗಿಯೇ ಎದ್ದು ಬಂದು ಅಕ್ಕನ ಕೈಯನ್ನು ತನ್ನ ಎರಡೂ ಕೈಗಳ ನಡುವೆ ಹಿಡಿದು ತಿಕ್ಕಿ ಬಿಸಿ ಮಾಡಿ, ಒಂದೊಂದು ಬೆರಳನ್ನೂ ತಾನೇ ಒತ್ತಿ ಹಿಡಿದಳು. ಹತ್ತರಲ್ಲಿ ಏಳು ಬಂದವು. ಅಷ್ಟು ಸಾಕಂತೆ.

ಫೋಟೋಕ್ಕೆ ಹಲ್ಲು ತೋರಿಸಬಾರದು ಅಂದರು. ಅಕ್ಕನಿಗೆ ನಿಜವಾಗಿ ದುಃಖ ಆದದ್ದು ಆಗಲೇ. ಹೋದ ತಿಂಗಳಷ್ಟೇ ಹೊಸ ಹಲ್ಲಿನ ಸೆಟ್ ಹಾಕಿಸಿದ್ದಳು.

ಇಷ್ಟೆಲ್ಲ ಆದ ಮೇಲೆ ಉಳಿದದ್ದು ಪೊಲೀಸರ ತಪಾಸಣೆ. ಅಕ್ಕನ ಮನೆಗೆ ಪೊಲೀಸ್ ಬಂದು, ಇವಳು ಇಲ್ಲೇ ಇರುವವಳು, ಒಳ್ಳೆಯವಳು ಅಂತ ಇಬ್ಬರು ನೆರೆಯವರಿಂದ ಬರೆಸಿಕೊಂಡು ಹೋಗಬೇಕು. ನಾನು ಎರಡು ದಿನ ಮೊದಲೇ ಉದಗೀರಕ್ಕೆ ಹೋಗಿ ಕೂತೆ. ಅಕ್ಕ ಓಣಿಯ ಎರಡು ಮನೆಯವರಿಗೆ ಹೇಳಿ ಇಟ್ಟಿದ್ದಳು. ಆದರೆ ಪೊಲೀಸಪ್ಪ ಬಂದದ್ದು ಸರಿಯಾಗಿ ಸಂತೆಯ ದಿನ ನಡು ಮಧ್ಯಾಹ್ನ. ಹೇಳಿ ಇಟ್ಟವರಲ್ಲಿ ಒಂದು ಮನೆಯವರು ಸಹಿ ಮಾಡಿದರು, ಇನ್ನೊಂದು ಮನೆಯವರು ಸಂತೆಗೆ ಹೋಗಿದ್ದರು. ಓಣಿಯಲ್ಲಿ ಇನ್ನು ಮನೆಯಲ್ಲಿದ್ದದ್ದು ಓಣಿಯವರೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಅನ್ನುವ ಎದುರು ಮನೆಯಾಕೆ ಒಬ್ಬಳೇ.

ಕಾಕುವಿಗೂ ಅಕ್ಕನಿಗೂ ಆರು ವರ್ಷದಿಂದ ಮಾತಿಲ್ಲ. ಅಕ್ಕನ ಟಗರು ಅವಳ ಅಂಗಳದ ತುಳಸಿ ತಿಂದಿತ್ತು. ತಿಂದದ್ದಕ್ಕಲ್ಲ ಜಗಳ. ತಿಂದ ಮೇಲೆ ಅಕ್ಕ, "ತುಳಸಿ ತಿಂದ ಟಗರು ಪುಣ್ಯವಂತ ಆಯ್ತು" ಅಂದಿದ್ದಳು.

ಪೊಲೀಸಪ್ಪ ಅವಳನ್ನೇ ಕರೆದ. ಕಾಕು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಅಕ್ಕನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಅಕ್ಕ ಜೀವನದಲ್ಲಿ ಮೊದಲ ಸಲ ನೆಲ ನೋಡುತ್ತ ನಿಂತಿದ್ದಳು.

"ಇವರನ್ನ ಗುರ್ತಿಸ್ತೀರಾ?"

"ಗುರ್ತಿಸದೇನು? ಇಪ್ಪತ್ತು ವರ್ಷ ಆಯ್ತು ಎದುರಿಗಿ ಅದಾಳ."

"ನಡತಿ ಹ್ಯಾಂಗ?"

ಕಾಕು ಪೊಲೀಸಪ್ಪನ ಕೈಯಲ್ಲಿದ್ದ ಕಾಗದವನ್ನು ಬಾಗಿ ನೋಡಿದಳು. ಆಮೇಲೆ ಅವಳು, "ಎಲ್ಲಿಗಿ ಹೊಂಟಾಳಿಕಿ?" ಅಂತ ಕೇಳಿದಳು.

"ಹಡಗದಾಗ ಲಂಕಾಕ," ಅಂದೆ ನಾನು.

"ಎಷ್ಟ ದಿನ?"

"ಏಳ ದಿನ."

"ಬರೇ ಏಳ ದಿನ?" ಕಾಕುವಿನ ಮುಖ ಬಾಡಿತು. "ತಿಂಗಳಾದ್ರ ಎರಡು ಸಹಿ ಮಾಡ್ತಿದ್ನಿ. ತಾ ಇಲ್ಲಿ." ಪೊಲೀಸಪ್ಪನ ಕೈಯಿಂದ ಪೆನ್ನು ಕಸಿದುಕೊಂಡು ಸಹಿ ಮಾಡಿದಳು. ಮಾಡಿ, ಅವನಿಗೆ ಅಂದಳು, "ಬರ್ಕೋರಿ, ಬಾಯಿ ಕೆಟ್ಟದ. ಮನಸ ಕೆಟ್ಟಿಲ್ಲ. ನನ್ನ ಗಂಡ ಬಿದ್ದಾಗ ಆಟೋ ತಂದಾಕಿ ಇಕಿನೇ."

ಅಕ್ಕ ಸರ‍್ರನೆ ಒಳಗೆ ಹೋದಳು. ಹೊರಗೆ ಬಂದಾಗ ಮೂರು ಕಪ್ ಚಹಾ ತಂದಿದ್ದಳು. ಪೊಲೀಸಪ್ಪನಿಗೆ ಒಂದು, ಕಾಕುವಿಗೆ ಒಂದು, ತನಗೊಂದು. ನನಗೆ ಇರಲಿಲ್ಲ. ಅವರಿಬ್ಬರೂ ಕಟ್ಟೆಯ ಮೇಲೆ ಕೂತು ಟಗರಿನ ಬಗ್ಗೆ ಹೊಸದಾಗಿ ಜಗಳ ಶುರು ಮಾಡಿದರು. ಪೊಲೀಸಪ್ಪ ಚಹಾ ಮುಗಿಸಿ ಮೆಲ್ಲಗೆ ಜಾಗ ಖಾಲಿ ಮಾಡಿದ.

ಹೊಸ ಪಾಸ್‌ಪೋರ್ಟ್ ಹಡಗಿಗೆ ಒಂಬತ್ತು ದಿನ ಇರುವಾಗ ಅಂಚೆಯಲ್ಲಿ ಬಂತು. ಅಕ್ಕ ಫೋನ್ ಮಾಡಿ ಮೊಮ್ಮಗಳಿಂದ ಓದಿಸಿದ್ದನ್ನು ಹೇಳಿದಳು. "ಹತ್ತು ವರ್ಷ ಕೊಟ್ಟಾರ. ನನ್ನ ಮ್ಯಾಲ ನನಗಿಲ್ಲದ ಭರೋಸಾ ಸರಕಾರಕ್ಕದ." ಎಲ್ಲಿ ಇಟ್ಟಿದ್ದೀ ಅಂತ ನಾನು ಗಾಬರಿಯಿಂದ ಕೇಳಿದೆ. "ಟ್ರಂಕಿನ್ಯಾಗ. ಫಿಕರ್ ಮಾಡಬ್ಯಾಡ," ಅಂದಳು.

ಮುಂಬೈಯಲ್ಲಿ ಹಡಗು ಹತ್ತಿದೆವು. ಅದು ದಂಡೆ ಬಿಟ್ಟ ಎರಡು ತಾಸಿಗೆ ನಾನು ಮಲಗಿದೆ. ತೆಗ್ಗು ಬಿದ್ದ ರಸ್ತೆಯಲ್ಲಿ ಇಪ್ಪತ್ತೆರಡು ವರ್ಷ ನಿಂತು ತಿಕೀಟು ಹರಿದವಳಿಗೆ ಒಂದು ದಿನ ವಾಂತಿ ಆಗಿರಲಿಲ್ಲ. ಸಮುದ್ರ ಎರಡೇ ತಾಸಿನಲ್ಲಿ ನನ್ನನ್ನು ಮಡಚಿ ಇಟ್ಟಿತು. ಅಕ್ಕ ನನ್ನ ತಲೆದಿಂಬಿನ ಹತ್ತಿರ ಒಂದು ನಿಂಬೆಹಣ್ಣು ಇಟ್ಟು, "ನೀ ಮಲ್ಕೊ, ನಾ ನೋಡಿ ಬರ್ತೀನಿ" ಅಂತ ಹೋದಳು.

ಮೂರನೆಯ ದಿನ ಮುಂಜಾನೆ ನಾನು ಗೋಡೆ ಹಿಡಿದು ಮೇಲಿನ ಅಂತಸ್ತಿಗೆ ಬಂದೆ. ಬಿಸಿಲು ಬಿದ್ದಿತ್ತು, ಸುತ್ತ ನೀರೇ ನೀರು. ಅಕ್ಕ ಒಂದು ಉದ್ದ ಕುರ್ಚಿಯ ಮೇಲೆ ಕಾಲು ಚಾಚಿ, ಇಳಕಲ್ ಸೀರೆಯ ಮೇಲೆ ಯಾರದೋ ಬಿಸಿಲು ಟೋಪಿ ಹಾಕಿಕೊಂಡು ಕೂತಿದ್ದಳು. ಸುತ್ತ ನಾಲ್ಕು ಗುಜರಾತಿ ಹೆಂಗಸರು. ಇವಳು ಅವರಿಗೆ ಕನ್ನಡದಲ್ಲಿ, ಅವರು ಇವಳಿಗೆ ಗುಜರಾತಿಯಲ್ಲಿ, ಸೊಸೆಯಂದಿರ ವಿಷಯ ಹೇಳುತ್ತಿದ್ದರು. ಎಲ್ಲರಿಗೂ ಪೂರ್ತಿ ತಿಳಿಯುತ್ತಿತ್ತು.

ಅಕ್ಕ ನನ್ನನ್ನು ನೋಡಿ ಟೋಪಿ ಸ್ವಲ್ಪ ಮೇಲೆತ್ತಿದಳು. "ಎದ್ದಿ ಏನು? ಮಾರಿ ನೋಡು ಹ್ಯಾಂಗಾಗ್ಯದ. ಚಹಾ ಎಲ್ಲಿ ಸಿಗ್ತದ, ನನಗ ಗೊತ್ತದ. ನಡಿ."

ಎದ್ದು ನನ್ನ ಕೈ ಹಿಡಿದು ಮುಂದೆ ನಡೆದಳು. ನಾನು ಹಿಂದೆ ಹೋದೆ.